ಆರು ಬೈಟಿನ ಬ್ರಹ್ಮಾಂಡ

1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೀಸಸ್ ಕಾಲೇಜಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದು ಕಂಪ್ಯೂಟರ್ ಆಟ ಬರೆಯಲು ಕೂತರು. ಒಬ್ಬ ಡೇವಿಡ್ ಬ್ರೇಬೆನ್, ವಿಜ್ಞಾನದ ವಿದ್ಯಾರ್ಥಿ. ಇನ್ನೊಬ್ಬ ಇಯಾನ್ ಬೆಲ್, ಗಣಿತದವನು. ಅವರು ನೆಚ್ಚಿಕೊಂಡಿದ್ದ ಯಂತ್ರ ಬಿಬಿಸಿ ಮೈಕ್ರೋ. ಬ್ರಿಟನ್ನಿನ ಶಾಲೆಗಳಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು ಬಂದಿದ್ದ ಆ ಯಂತ್ರಕ್ಕಿದ್ದ ಮೆಮೊರಿ 32 ಕಿಲೋಬೈಟ್. ಪರದೆಗೆ ಮತ್ತು ಯಂತ್ರದ ಸ್ವಂತ ಕೆಲಸಗಳಿಗೆ ಬೇಕಾದ ಪಾಲು ಕಳೆದರೆ ಆಟಕ್ಕೆ ದಕ್ಕುತ್ತಿದ್ದದ್ದು ಸುಮಾರು 22 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದರ ನೂರು ಪಟ್ಟು ಜಾಗ ಹಿಡಿಯುತ್ತದೆ.

ಆ ಕಾಲದ ಆಟಗಳಿಗೆ ಒಂದು ಅಚ್ಚು ಇತ್ತು. ಆಟಗಾರನಿಗೆ ಮೂರು ಜೀವ, ಕೆಲವು ನಿಮಿಷಗಳ ಗುಂಡಿನ ಕಾಳಗ, ಕೊನೆಗೊಂದು ಅಂಕ. ನಾಣ್ಯ ಹಾಕಿ ಆಡುವ ಅಂಗಡಿಯ ಯಂತ್ರಗಳಿಂದ ಬಂದ ಪದ್ಧತಿ ಅದು. ಬ್ರೇಬೆನ್ ಮತ್ತು ಬೆಲ್‌ಗೆ ಬೇಕಾದದ್ದು ಬೇರೆ. ಒಂದು ಹಡಗು, ಕೈಯಲ್ಲಿ ಸ್ವಲ್ಪ ಹಣ, ಸುತ್ತ ನಕ್ಷತ್ರಗಳು. ಒಂದು ಗ್ರಹದಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದರಲ್ಲಿ ದುಬಾರಿಗೆ ಮಾರುವುದು, ದಾರಿಯಲ್ಲಿ ದರೋಡೆಕೋರರು ಸಿಕ್ಕರೆ ಹೋರಾಡುವುದು ಅಥವಾ ಪಾರಾಗುವುದು. ಮುಗಿಯುವ ಗಂಟೆ ಇಲ್ಲದ ಆಟ. ಥಾರ್ನ್ ಇಎಂಐ ಕಂಪನಿ ಇದನ್ನು ನೋಡಿ ಬೇಡವೆಂದಿತು. ಅದಕ್ಕೆ ಬೇಕಿದ್ದದ್ದು ಮೂರು ಜೀವ, ಹತ್ತು ನಿಮಿಷದ ಹಳೆಯ ಮಾದರಿಯೇ. ಬಿಬಿಸಿ ಮೈಕ್ರೋ ತಯಾರಿಸುತ್ತಿದ್ದ ಏಕಾರ್ನ್ ಕಂಪನಿಯ ಪ್ರಕಾಶನ ವಿಭಾಗ ಏಕಾರ್ನ್‌ಸಾಫ್ಟ್ ಒಪ್ಪಿಕೊಂಡಿತು. ಆಟಕ್ಕೆ ‘ಎಲೀಟ್’ ಎಂದು ಹೆಸರಾಯಿತು.

ಆದರೆ ನಕ್ಷತ್ರಗಳನ್ನು ಎಲ್ಲಿಡುವುದು? ಪ್ರತಿ ಗ್ರಹಕ್ಕೂ ಹೆಸರು, ನಕ್ಷೆಯಲ್ಲಿ ಜಾಗ, ಆಡಳಿತದ ಬಗೆ, ಆರ್ಥಿಕ ಸ್ಥಿತಿ, ಜನಸಂಖ್ಯೆ, ಮಾರುಕಟ್ಟೆಯ ದರಗಳು ಬೇಕು. ಇವನ್ನೆಲ್ಲ ಕೈಯಾರೆ ಬರೆದು ಮೆಮೊರಿಯಲ್ಲಿ ತುಂಬಲು ಹೊರಟರೆ ಬೆರಳೆಣಿಕೆಯಷ್ಟು ಗ್ರಹಗಳಿಗೇ ಜಾಗ ಮುಗಿದು, ಹಡಗು ಹಾರಿಸುವ ಕೋಡಿಗೆ ಏನೂ ಉಳಿಯುವುದಿಲ್ಲ. ಆಗ ಇಬ್ಬರೂ ಗಣಿತದ ಕಡೆ ತಿರುಗಿದರು. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿ ಮುಂದಿನದನ್ನು ಪಡೆಯುವ ಸರಣಿಯನ್ನು ಜಗತ್ತು ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ಲಘು-ಗುರುಗಳ ಪ್ರಸ್ತಾರ ಹಾಕುತ್ತ ನಮ್ಮ ಛಂದಸ್ಸಿನ ಪಂಡಿತರು ಅದನ್ನು ಅವನಿಗಿಂತ ಮೊದಲೇ ಕಂಡಿದ್ದರು, 12ನೆಯ ಶತಮಾನದ ಹೇಮಚಂದ್ರ ಅದನ್ನು ಬರೆದಿಟ್ಟಿದ್ದಾನೆ. ಎಲೀಟ್ ಹಿಡಿದದ್ದು ಇದರದೇ ಒಂದು ರೂಪ. ತಲಾ ಎರಡು ಬೈಟಿನ ಮೂರು ಸಂಖ್ಯೆಗಳು. ಮೂರನ್ನೂ ಕೂಡಿಸಿದರೆ ಹೊಸದೊಂದು ಸಂಖ್ಯೆ, ಮೊದಲಿನದನ್ನು ಬಿಟ್ಟು ಇದನ್ನು ಕೊನೆಗೆ ಸೇರಿಸುವುದು, ಮತ್ತೆ ಕೂಡಿಸುವುದು. ಪ್ರತಿ ಗ್ರಹಕ್ಕೂ ನಾಲ್ಕು ಸಲ ಹೀಗೆ ಮಾಡಿ, ಬಂದ ಸಂಖ್ಯೆಗಳ ಒಂದು ತುಣುಕನ್ನು ಹೆಸರಿಗೆ, ಇನ್ನೊಂದನ್ನು ಸರ್ಕಾರಕ್ಕೆ, ಮತ್ತೊಂದನ್ನು ಸಂಪತ್ತಿಗೆ ಹಂಚಿದರು. ಹೆಸರು ಕಟ್ಟಲು ಎರಡೆರಡು ಅಕ್ಷರಗಳ ಒಂದು ಸಣ್ಣ ಪಟ್ಟಿ ಸಾಕಾಯಿತು. ಆಟ ಶುರುವಾಗುವ ಲೇವ್, ಅದರ ನೆರೆಯ ಡೀಸೊ, ಲೀಸ್ಟಿ, ಜಾವೊನ್ಸ್ ಎಲ್ಲವೂ ಹೀಗೆ ಹುಟ್ಟಿದವು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಇದರಲ್ಲಿ ಯಾವುದೂ ಆಕಸ್ಮಿಕವಲ್ಲ. ಮೊದಲ ಮೂರು ಸಂಖ್ಯೆಗಳು ಸ್ಥಿರವಾಗಿರುವುದರಿಂದ ಲೇವ್ ಗ್ರಹ ಲಂಡನ್ನಿನಲ್ಲಿ ಆಡಿದರೂ ಗ್ಲಾಸ್ಗೋದಲ್ಲಿ ಆಡಿದರೂ ಅದೇ ಜಾಗದಲ್ಲಿ, ಅದೇ ಸರ್ಕಾರದ ಕೆಳಗೆ ಇರುತ್ತದೆ. ಆಟಗಾರ ಅಲ್ಲಿಂದ ಹೊರಟ ಮೇಲೆ ಯಂತ್ರ ಆ ಗ್ರಹವನ್ನು ಮರೆತುಬಿಡುತ್ತದೆ. ಮರಳಿ ಬಂದಾಗ ಸೂತ್ರ ಓಡಿಸಿ ಅದನ್ನೇ ಮತ್ತೆ ಹುಟ್ಟಿಸುತ್ತದೆ. ಪ್ರೊಸೀಜರಲ್ ಜನರೇಷನ್ ಎಂಬ ತಂತ್ರದ ತಿರುಳು ಇಷ್ಟೇ: ವಸ್ತುವನ್ನು ಕೂಡಿಡುವ ಬದಲು ಅದನ್ನು ಮಾಡುವ ಬಗೆಯನ್ನು ಮಾತ್ರ ಇಟ್ಟುಕೊಳ್ಳುವುದು. ಒಂದು ನಕ್ಷತ್ರಪುಂಜದಲ್ಲಿ 256 ಗ್ರಹಗಳು. ಆರಂಭದ ಆ ಆರು ಬೈಟುಗಳನ್ನು ಒಂದೊಂದಾಗಿ ಒಂದು ಬಿಟ್‌ನಷ್ಟು ತಿರುಗಿಸಿದರೆ ಮುಂದಿನ ನಕ್ಷತ್ರಪುಂಜ. ಬೈಟಿನಲ್ಲಿರುವುದು ಎಂಟೇ ಬಿಟ್ ಆದ್ದರಿಂದ ಎಂಟನೆಯ ಸಲಕ್ಕೆ ಮೊದಲಿನ ಪುಂಜವೇ ಮರಳುತ್ತದೆ. ಹೀಗೆ 8 ಪುಂಜ, 2,048 ಗ್ರಹ.

ಇಲ್ಲೇ ಈ ಇತಿಹಾಸದ ಮೊದಲ ದೊಡ್ಡ ತಿರುವು. ಬ್ರೇಬೆನ್ ಮತ್ತು ಬೆಲ್ ಮೊದಲು ಯೋಜಿಸಿದ್ದು ಎಂಟು ಪುಂಜಗಳನ್ನಲ್ಲ. ಆರು ಬೈಟ್ ಎಂದರೆ 48 ಬಿಟ್. ಎರಡನ್ನು 48 ಸಲ ಗುಣಿಸಿದರೆ ಬರುವಷ್ಟು, ಅಂದರೆ ಸುಮಾರು 281 ಲಕ್ಷ ಕೋಟಿ ನಕ್ಷತ್ರಪುಂಜಗಳನ್ನು ಕೊಡಬಹುದಿತ್ತು. ಅದಕ್ಕೆ ಹೆಚ್ಚಿನ ಮೆಮೊರಿಯೂ ಬೇಕಿರಲಿಲ್ಲ. ಏಕಾರ್ನ್‌ಸಾಫ್ಟ್‌ನವರು ಬೇಡವೆಂದರು. ಅಷ್ಟು ದೊಡ್ಡ ಸಂಖ್ಯೆ ಕೇಳಿದರೆ ಇದೆಲ್ಲ ಬರೀ ಲೆಕ್ಕದ ಚಮತ್ಕಾರವೆಂದು ಆಟಗಾರನಿಗೆ ತಿಳಿದುಹೋಗುತ್ತದೆ, ಒಂದು ಗ್ರಹಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲದ ಬೇಸರ ಬೇಗ ಕಣ್ಣಿಗೆ ಹೊಡೆಯುತ್ತದೆ ಎಂಬುದು ಅವರ ವಾದ. ಲೇಖಕ ಫ್ರಾನ್ಸಿಸ್ ಸ್ಪಫರ್ಡ್ ಬ್ರಿಟಿಷ್ ಎಂಜಿನಿಯರುಗಳ ಬಗ್ಗೆ 2003ರಲ್ಲಿ ಬರೆದ ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರಿಸಿದ್ದಾರೆ. ನನ್ನ ಮಟ್ಟಿಗೆ ಎಲೀಟ್‌ನ ಕಥೆಯಲ್ಲಿ ಆ ಜಾಣ ಸೂತ್ರದಷ್ಟೇ ತೂಕ ಈ ನಿರಾಕರಣೆಗೂ ಇದೆ. ಇಬ್ಬರು ಗೆಳೆಯರು ಎಂಟರ ಲೆಕ್ಕಕ್ಕೆ ಒಪ್ಪಿದ್ದಲ್ಲದೆ, ಹುಟ್ಟಿದ ಪುಂಜಗಳನ್ನು ಕೂತು ಪರೀಕ್ಷಿಸಿದರು. ಒಂದರಲ್ಲಿ ಗ್ರಹವೊಂದಕ್ಕೆ ಅಸಭ್ಯ ಪದವೇ ಹೆಸರಾಗಿ ಬಂದಿತ್ತೆಂದು ಇಡೀ ಪುಂಜವನ್ನೇ ಕೈಬಿಟ್ಟರು. ಸೂತ್ರ ಹುಟ್ಟಿಸಿತು, ಮನುಷ್ಯರು ಆರಿಸಿದರು.

1984ರ ಸೆಪ್ಟೆಂಬರಿನಲ್ಲಿ ಆಟ ಮಾರುಕಟ್ಟೆಗೆ ಬಂತು. ಪೆಟ್ಟಿಗೆಯೊಳಗೆ ದಪ್ಪ ಕೈಪಿಡಿಯ ಜೊತೆ ಕಾದಂಬರಿಕಾರ ರಾಬರ್ಟ್ ಹೋಲ್ಡ್‌ಸ್ಟಾಕ್ ಬರೆದ ಕಿರುಕಾದಂಬರಿಯೊಂದಿತ್ತು. ಸಂಖ್ಯೆಗಳಿಂದ ಹುಟ್ಟಿದ ಗ್ರಹಗಳಿಗೆ ಕಥೆಯ ಮೈಬಣ್ಣ ಕೊಟ್ಟದ್ದು ಅದು. ಬ್ರಿಟನ್ನಿನಲ್ಲಿ ಆಟ ಭರ್ಜರಿಯಾಗಿ ಮಾರಾಟವಾಯಿತು. ಮುಂದಿನ ವರ್ಷಗಳಲ್ಲಿ ಆ ಕಾಲದ ಹತ್ತಾರು ಬಗೆಯ ಯಂತ್ರಗಳಿಗೆ ಅದನ್ನು ಒಗ್ಗಿಸಲಾಯಿತು.

ಈ ತಂತ್ರಕ್ಕೆ ಎಲೀಟೇ ಮೊದಲೆಂದು ಹೇಳಲಾಗದು. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ 1980ರ ಸುಮಾರಿಗೆ ಬರೆದ ‘ರೋಗ್’ ಆಟ ಪ್ರತಿ ಸಲವೂ ಹೊಸ ನೆಲಮಾಳಿಗೆ ಕಟ್ಟುತ್ತಿತ್ತು. ಅದಕ್ಕೂ ಮುಂಚೆ 1978ರ ‘ಬಿನೀತ್ ಆ್ಯಪಲ್ ಮ್ಯಾನರ್’ ಆ ಕೆಲಸ ಮಾಡಿತ್ತು. ಯಾವುದಕ್ಕೆ ಮೊದಲ ಸ್ಥಾನ ಎಂಬ ಚರ್ಚೆ ಆಟಗಳ ಇತಿಹಾಸಕಾರರಲ್ಲಿ ಇನ್ನೂ ಇದೆ. ರೋಗ್‌ನ ಗುರಿ ಪ್ರತಿ ಸಲ ಬೇರೆಯಾಗಿರುವುದು, ಎಲೀಟ್‌ನ ಗುರಿ ಪ್ರತಿ ಸಲವೂ ಒಂದೇ ಆಗಿರುವುದು. ಗುರಿಗಳು ಇಷ್ಟು ಬೇರೆಯಾಗಿರುವಾಗ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹಿರಿಕಿರಿತನ ಅಳೆಯುವುದರಲ್ಲಿ ಹೆಚ್ಚು ಅರ್ಥ ನನಗೆ ಕಾಣುವುದಿಲ್ಲ.

ಎಲೀಟ್‌ನ ಗ್ರಹಗಳು ಪರದೆಯ ಮೇಲೆ ಬರಿಯ ವೃತ್ತಗಳು. ಇಳಿದು ಓಡಾಡಲು ನೆಲವಿರಲಿಲ್ಲ. ಆ ನೆಲ ಸಿದ್ಧವಾಗುತ್ತಿದ್ದದ್ದು ಬೇರೆ ಊರುಗಳಲ್ಲಿ. ಬೆನ್ವಾ ಮ್ಯಾಂಡೆಲ್‌ಬ್ರಾಟ್‌ನ ಫ್ರ್ಯಾಕ್ಟಲ್ ಗಣಿತವನ್ನು ಓದಿದ ಲೊರೆನ್ ಕಾರ್ಪೆಂಟರ್ ಎಂಬ ಬೋಯಿಂಗ್ ಕಂಪನಿಯ ಪ್ರೋಗ್ರಾಮರ್, ತ್ರಿಕೋನಗಳನ್ನು ಮತ್ತೆ ಮತ್ತೆ ಒಡೆದು ಅಂಚುಗಳನ್ನು ಅಲುಗಿಸುತ್ತ ಹೋದರೆ ಬೆಟ್ಟಸಾಲು ಮೂಡುತ್ತದೆಂದು 1980ರಲ್ಲಿ ಎರಡು ನಿಮಿಷದ ಚಿತ್ರ ಮಾಡಿ ತೋರಿಸಿದ. ಲೂಕಸ್‌ಫಿಲ್ಮ್ ಅವನನ್ನು ಕೂಡಲೇ ಕರೆದುಕೊಂಡಿತು. ‘ಟ್ರಾನ್’ ಚಿತ್ರಕ್ಕೆ ಕೆಲಸ ಮಾಡಿದ್ದ ಕೆನ್ ಪರ್ಲಿನ್‌ಗೆ ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪು ಹಿಡಿಸಿರಲಿಲ್ಲ. ಮೋಡ, ಅಮೃತಶಿಲೆ, ನೀರಿನ ಮೈಯಲ್ಲಿ ಕಾಣುವಂಥ ಹದವಾದ ಏರುಪೇರನ್ನು ಸೂತ್ರದಿಂದ ಹುಟ್ಟಿಸುವ ವಿಧಾನವನ್ನು ಆತ ಕಂಡುಹಿಡಿದು 1985ರಲ್ಲಿ ಪ್ರಕಟಿಸಿದ. 1997ರಲ್ಲಿ ಅದಕ್ಕೆ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿ ಸಿಕ್ಕಿತು. ಇವತ್ತು ಆಟಗಳಲ್ಲಿ ಸೂತ್ರದಿಂದ ಎದ್ದ ಬೆಟ್ಟ, ಕಣಿವೆ, ಕಡಲತಡಿ ಕಂಡರೆ ಅದರ ಹಿಂದೆ ಹೆಚ್ಚಾಗಿ ಪರ್ಲಿನ್‌ನ ಗಣಿತ ಅಥವಾ ಅದರ ಸಂತತಿ ಇರುತ್ತದೆ. 1986ರ ಅಮೆರಿಕನ್ ಆಟ ‘ಸ್ಟಾರ್‌ಫ್ಲೈಟ್’ ಫ್ರ್ಯಾಕ್ಟಲ್ ವಿಧಾನದಿಂದ ಸುಮಾರು 800 ಗ್ರಹಗಳನ್ನು ಕಟ್ಟಿ, ಇಳಿದು ಓಡಾಡಲು ಬಿಟ್ಟಿತು.

1993ರಲ್ಲಿ ಬ್ರೇಬೆನ್ ‘ಫ್ರಾಂಟಿಯರ್: ಎಲೀಟ್ 2’ ತಂದಾಗ ಸಂಯಮದ ಮೊದಲ ಗಡಿ ದಾಟಿತು. ಈ ಸಲ ಎಂಟು ಕಾಲ್ಪನಿಕ ಪುಂಜಗಳಲ್ಲ, ನಮ್ಮದೇ ಆಕಾಶಗಂಗೆ. ಸುಮಾರು 10,000 ಕೋಟಿ ನಕ್ಷತ್ರಗಳು, ಒಂದೇ ಒಂದು ಫ್ಲಾಪಿಯಲ್ಲಿ. ಆಕಾಶಗಂಗೆಯ ಯಾವ ಭಾಗದಲ್ಲಿ ನಕ್ಷತ್ರಗಳು ದಟ್ಟ, ಎಲ್ಲಿ ವಿರಳ ಎಂಬ ಒಂದು ನಕ್ಷೆಯನ್ನಿಟ್ಟುಕೊಂಡು ಉಳಿದದ್ದನ್ನು ಸೂತ್ರಕ್ಕೆ ಬಿಟ್ಟಿದ್ದರು. ಸಂಖ್ಯೆ ಭಾರಿಯಾದರೂ ಇದು ಹುಸಿ ಎನಿಸದಿದ್ದದ್ದಕ್ಕೆ ಕಾರಣವಿದೆ: ಆ ಸಂಖ್ಯೆಯನ್ನು ಬ್ರೇಬೆನ್ ಹುಟ್ಟಿಸಿದ್ದಲ್ಲ, ನಿಸರ್ಗ ಕೊಟ್ಟದ್ದು. ಹಡಗುಗಳು ನ್ಯೂಟನ್ನನ ನಿಯಮದಂತೆ ಚಲಿಸುತ್ತಿದ್ದವು, ಗ್ರಹಗಳು ಸೂರ್ಯನ ಸುತ್ತ ನಿಜವಾಗಿ ಸುತ್ತುತ್ತಿದ್ದವು. ಆ ಬಳಿಕ ಬ್ರೇಬೆನ್ ಮತ್ತು ಬೆಲ್ ನಡುವೆ ಹಕ್ಕುಗಳ ವಿಚಾರದಲ್ಲಿ ಕಹಿ ಬೆಳೆಯಿತು. ಮೂರನೆಯ ಆಟ 1995ರಲ್ಲಿ ದೋಷಗಳ ಸಮೇತ ಬಿಡುಗಡೆಯಾಗಿ ಸೊರಗಿತು. ಎರಡು ದಶಕ ಈ ಹಾದಿಯಲ್ಲಿ ದೊಡ್ಡ ಕಂಪನಿಗಳ ಸದ್ದು ಕಡಿಮೆ. ಇಟಲಿಯ ಅಲೆಸ್ಸಾಂಡ್ರೊ ಗಿನ್ಯೋಲಾ ಬರೆದ ‘ನಾಕ್ಟಿಸ್’, ರಷ್ಯಾದ ವ್ಲಾದಿಮಿರ್ ರೊಮಾನ್ಯುಕ್ ಕಟ್ಟಿದ ‘ಸ್ಪೇಸ್ ಎಂಜಿನ್’ ಮುಂತಾದ ಒಂಟಿ ಸಾಧಕರ ಕೆಲಸಗಳು ಈ ಕನಸನ್ನು ಉಳಿಸಿಕೊಂಡವು.

ಎರಡನೆಯ ದೊಡ್ಡ ತಿರುವು 2013ರ ಡಿಸೆಂಬರಿನದು. ಲಂಡನ್ನಿನ ಹತ್ತಿರದ ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ ಹೆಲೋ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ಇತ್ತು. ಶಾನ್ ಮರ್ರಿ ಮತ್ತು ಮೂವರು ಗೆಳೆಯರು 2008ರಲ್ಲಿ ಶುರುಮಾಡಿದ್ದು. ಅಮೆರಿಕದ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅವರ ‘ನೋ ಮ್ಯಾನ್ಸ್ ಸ್ಕೈ’ ಆಟದ ಮೊದಲ ತುಣುಕು ಬಂತು: ಕಡಲಾಳದಿಂದ ಏಳುವ ಆಟಗಾರ ದಡಕ್ಕೆ ಬಂದು, ಹಡಗು ಹತ್ತಿ, ಎಲ್ಲೂ ತಡೆಯಿಲ್ಲದೆ ಆಕಾಶ ಸೀಳಿ ಬಾಹ್ಯಾಕಾಶಕ್ಕೆ ಹೋಗುತ್ತಾನೆ. ನೋಡಿದವರು ಬೆರಗಾದರು. ಅದೇ ಕ್ರಿಸ್‌ಮಸ್ ಹಿಂದಿನ ದಿನ ಊರಿನಲ್ಲಿ ಪ್ರವಾಹ ಬಂದು ಸಂಸ್ಥೆಯ ಕಚೇರಿ ಮುಳುಗಿತು. ಅವರು ಎದ್ದು ನಿಂತರು. 2014ರ ಜೂನಿನಲ್ಲಿ ಸೋನಿ ಕಂಪನಿ ತನ್ನ ದೊಡ್ಡ ವೇದಿಕೆಗೆ ಈ ಆಟವನ್ನು ಕರೆತಂದಿತು.

ಸೂತ್ರ ಪ್ರತಿ ಗ್ರಹವನ್ನು ಹುಟ್ಟಿಸಲು ಬಳಸುವ ಬೀಜಸಂಖ್ಯೆಗೆ ಮೊದಲು 32 ಬಿಟ್ ಇಡಲಾಗಿತ್ತು. ಅಂದರೆ ಸುಮಾರು 429 ಕೋಟಿ ಗ್ರಹ. ಒಂದೊಂದಕ್ಕೆ ಒಂದು ಸೆಕೆಂಡು ಕೊಟ್ಟರೆ ಒಬ್ಬನಿಗೆ 136 ವರ್ಷ. ಆಮೇಲೆ ಅದನ್ನು 64 ಬಿಟ್‌ಗೆ ಏರಿಸಿದರು: 18,446,744,073,709,551,616 ಗ್ರಹ, ನಮ್ಮ ಲೆಕ್ಕದಲ್ಲಿ ಸುಮಾರು 1.84 ಲಕ್ಷ ಕೋಟಿ ಕೋಟಿ. ತಲಾ ಒಂದು ಸೆಕೆಂಡಿನಂತೆ ನೋಡಿ ಮುಗಿಸಲು ಸುಮಾರು 58,500 ಕೋಟಿ ವರ್ಷ ಬೇಕು. ನಮ್ಮ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಈ ಸಂಖ್ಯೆ ನಮಗೆ ಅಪರಿಚಿತವಲ್ಲ. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಅದರ ಮುಂದಿನದಕ್ಕೆ ನಾಲ್ಕು ಕೊಡಿ ಎಂದು ರಾಜನನ್ನು ಕೇಳಿದವನ ಹಳೆಯ ಕಥೆಯಲ್ಲಿ 64 ಮನೆಗಳ ಒಟ್ಟು ಕಾಳಿಗಿಂತ ಇದು ಒಂದೇ ಒಂದು ಹೆಚ್ಚು. ವ್ಯತ್ಯಾಸ ಇಷ್ಟೇ: ರಾಜ ಕಾಳು ತರಬೇಕಿತ್ತು, ಪ್ರೋಗ್ರಾಮರ್ ತರಬೇಕಾಗಿಲ್ಲ. ಅವನಿಗೆ ಈ ಹಿಗ್ಗುವಿಕೆಗೆ ಬಿದ್ದ ಖರ್ಚು ಪ್ರತಿ ಗ್ರಹದ ಸಂಖ್ಯೆಗೆ ನಾಲ್ಕು ಬೈಟ್. ಖರ್ಚಾಗುವುದು ಬೇರೆ ಕಡೆ: ಪ್ರಾಣಿಯ ಮೂಳೆಕಟ್ಟು, ಎಲೆಯ ಆಕಾರ, ಹಡಗಿನ ರೆಕ್ಕೆ ಇವನ್ನೆಲ್ಲ ಮನುಷ್ಯರು ಬಿಡಿಸಿ ಸೂತ್ರದ ಕೈಗೆ ಕೊಡಬೇಕು. ಬಿಡುಗಡೆಯ ಹೊತ್ತಿಗೂ ಆ ತಂಡದಲ್ಲಿದ್ದವರು ಹದಿನೈದರ ಆಸುಪಾಸು. ಅಷ್ಟು ಗ್ರಹಗಳನ್ನು ತಾವೇ ಹೋಗಿ ನೋಡುವುದು ಅಸಾಧ್ಯವಾದ್ದರಿಂದ ಗ್ರಹದಿಂದ ಗ್ರಹಕ್ಕೆ ಹಾರಿ ಚಿತ್ರ ಸೆರೆಹಿಡಿದು ತರುವ ಸ್ವಯಂಚಾಲಿತ ಪ್ರೋಗ್ರಾಮುಗಳನ್ನು ಬರೆದು, ಅವು ತಂದದ್ದನ್ನು ನೋಡಿ ತಿದ್ದುತ್ತಿದ್ದರು. 1984ರಲ್ಲಿ ಪುಂಜಗಳನ್ನು ಕಣ್ಣಾರೆ ನೋಡಿ ಆರಿಸಲು ಆಗಿತ್ತು. 2016ರಲ್ಲಿ ಅದು ಆಗುವ ಮಾತಾಗಿರಲಿಲ್ಲ.

ಬಿಡುಗಡೆಗೆ ಮುನ್ನ ಈ ಸಂಖ್ಯೆಯೇ ಆಟದ ಜಾಹೀರಾತಾಗಿಬಿಟ್ಟಿತ್ತು. ಮರ್ರಿ ಅಮೆರಿಕದ ಸ್ಟೀಫನ್ ಕೋಲ್ಬೇರ್‌ನ ರಾತ್ರಿ ಕಾರ್ಯಕ್ರಮಕ್ಕೂ ಹೋಗಿ ಬಂದರು. 2016ರ ಮೇನಲ್ಲಿ ಬಿಡುಗಡೆಯನ್ನು ಕೆಲವೇ ವಾರ ಮುಂದೂಡಿದ್ದಕ್ಕೆ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಆಗಸ್ಟ್ 9ರಂದು ಆಟ ಅಮೆರಿಕದಲ್ಲಿ ಬಿಡುಗಡೆಯಾಯಿತು, ಮೂರು ದಿನದ ಬಳಿಕ ಪಿಸಿಗೆ ಬಂತು. ಸ್ಟೀಮ್ ಮಾರಾಟ ತಾಣದಲ್ಲಿ ಒಂದೇ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಆಡುತ್ತಿದ್ದರು.

ಆಮೇಲೆ ನಡೆದದ್ದು ಏಕಾರ್ನ್‌ಸಾಫ್ಟ್ 1984ರಲ್ಲೇ ಹೆದರಿದ್ದ ಸಂಗತಿ. ಹತ್ತಾರು ಗ್ರಹ ಸುತ್ತಿದವರಿಗೆ ಸೂತ್ರದ ಹಂದರ ಕಾಣತೊಡಗಿತು. ಬಣ್ಣ ಬೇರೆ, ಕಾಲು ಬೇರೆ, ಕೊಂಬು ಬೇರೆ. ಆದರೆ ಗ್ರಹದಲ್ಲಿ ಮಾಡುವ ಕೆಲಸ ಒಂದೇ, ಗಣಿ ತೋಡು, ಇಂಧನ ತುಂಬು, ಹೊರಡು. ಅದೇ ವರ್ಷ ಕೇಟ್ ಕಾಂಪ್ಟನ್ ಎಂಬ ಸಂಶೋಧಕಿ ಈ ಸಮಸ್ಯೆಗೆ ಒಂದು ಹೆಸರಿಟ್ಟರು. ಹತ್ತು ಸಾವಿರ ಬಟ್ಟಲು ಓಟ್ಸ್ ಗಂಜಿ ಬಡಿಸಿದರೆ ಒಂದೊಂದು ಬಟ್ಟಲಿನ ಕಾಳುಗಳ ಜೋಡಣೆಯೂ ಗಣಿತದ ಪ್ರಕಾರ ಬೇರೆಯೇ. ಉಣ್ಣುವವರಿಗೆ ಮಾತ್ರ ಎಲ್ಲವೂ ಗಂಜಿಯೇ. ಬೇರೆಯಾಗಿರುವುದು ಒಂದು, ಬೇರೆಯೆಂದು ಮನಸ್ಸಿಗೆ ಹೊಳೆಯುವುದು ಇನ್ನೊಂದು ಎಂಬ ಈ ಭೇದವನ್ನು ಈ ಕ್ಷೇತ್ರದ ವಿದ್ವಾಂಸರು ಈಗಲೂ ಎತ್ತಿ ಆಡುತ್ತಾರೆ. ಎದುರು ವಾದವೂ ಇದೆ: ನಿಜವಾದ ಬಾಹ್ಯಾಕಾಶವೂ ಬಹುಪಾಲು ಬಂಜರು, ಏಕತಾನ, ಆ ಒಂಟಿತನವನ್ನು ಅನುಭವಕ್ಕೆ ತರುವುದೇ ಇಂಥ ಆಟದ ಸಾರ್ಥಕತೆ ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ, ಆದರೆ ಪ್ರಾಣಿಗಳು ತುಂಬಿ ತುಳುಕುವ ಗ್ರಹಗಳನ್ನು ತೋರಿಸಿ ಮಾರಿದ ಆಟಕ್ಕೆ ಅದು ಒಪ್ಪುವುದಿಲ್ಲ.

ಹೆಚ್ಚು ನೋವು ಕೊಟ್ಟ ಘಟನೆ ಇನ್ನೊಂದು. ಇಷ್ಟು ದೊಡ್ಡ ವಿಶ್ವದಲ್ಲಿ ಇಬ್ಬರು ಎದುರಾಗುವುದು ತೀರ ಅಪರೂಪವೆಂದು ಮರ್ರಿ ಹೇಳುತ್ತಿದ್ದರು. ಎದುರಾದರೆ ಒಬ್ಬರಿಗೊಬ್ಬರು ಕಾಣಬಹುದು ಎಂಬ ನಂಬಿಕೆ ಅವರ ಸಂದರ್ಶನಗಳಿಂದ ಜನರಲ್ಲಿ ಬೇರೂರಿತ್ತು. ಬಿಡುಗಡೆಯ ಆರಂಭದಲ್ಲೇ ಇಬ್ಬರು ಆಟಗಾರರು ಒಬ್ಬರು ಹೆಸರಿಟ್ಟ ಗ್ರಹವನ್ನು ಇನ್ನೊಬ್ಬರು ಕಂಡು, ಮಾತಾಡಿಕೊಂಡು ಅದೇ ಗ್ರಹದ ಅದೇ ಜಾಗಕ್ಕೆ ಬಂದು ನಿಂತರು. ಸಾವಿರಾರು ಜನ ನೇರಪ್ರಸಾರದಲ್ಲಿ ನೋಡುತ್ತಿದ್ದರು. ಇಬ್ಬರಿಗೂ ಎದುರಿಗೆ ಯಾರೂ ಕಾಣಲಿಲ್ಲ. ಹೊಗಳಿಕೆ ಸಿಟ್ಟಾಗಿ ತಿರುಗಿತು. ಹಣ ವಾಪಸು ಕೇಳುವವರ ಸಾಲು ಬೆಳೆಯಿತು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರು ಹೋಯಿತು. ಗ್ರಹಗಳು ಸೂತ್ರದಿಂದ ಹುಟ್ಟುವುದರಿಂದ ಪ್ರತಿ ಆಟಗಾರನ ಅನುಭವ ಬೇರೆ ಎಂಬುದನ್ನು ಗಣನೆಗೆ ತಂದುಕೊಂಡು ಅದು ನವೆಂಬರ್ ಕೊನೆಗೆ ದೂರನ್ನು ತಳ್ಳಿಹಾಕಿತು. ಹೆಲೋ ಗೇಮ್ಸ್ ತಿಂಗಳುಗಟ್ಟಲೆ ಬಹುತೇಕ ಬಾಯಿ ಬಿಡಲಿಲ್ಲ.

ಆ ಮೌನದಲ್ಲಿ ಕೆಲಸ ನಡೆದಿತ್ತು. ನವೆಂಬರಿನಲ್ಲಿ ಮೊದಲ ದೊಡ್ಡ ಪರಿಷ್ಕರಣೆ ಬಂತು. ಮನೆ ಕಟ್ಟಿ ಒಂದೆಡೆ ನೆಲೆಸಲು ಅವಕಾಶ ಮಾಡಿಕೊಟ್ಟಿತು. 2017ರಲ್ಲಿ ವಾಹನಗಳು ಬಂದವು. 2018ರ ಜುಲೈನಲ್ಲಿ ಆಟಗಾರರು ಕೊನೆಗೂ ಒಬ್ಬರಿಗೊಬ್ಬರು ಕಂಡರು, ಜೊತೆಗೂಡಿ ಆಡಿದರು. ಆಮೇಲೂ ಪರಿಷ್ಕರಣೆಗಳು ಬರುತ್ತಲೇ ಇದ್ದವು, ಹಳೆಯ ಕೊಳ್ಳುಗರಿಗೆ ಎಲ್ಲವೂ ಉಚಿತ. ಇದಕ್ಕೂ ಮೊದಲೇ ಆಟಗಾರರು ತಾವಾಗಿ ಒಂದು ಉತ್ತರ ಕಂಡುಕೊಂಡಿದ್ದರು. 2016ರಲ್ಲೇ ಕೆಲವರು ಸೇರಿ ‘ಗ್ಯಾಲಕ್ಟಿಕ್ ಹಬ್’ ಎಂಬ ಕೂಟ ಕಟ್ಟಿ, ಆ ಲೆಕ್ಕವಿಲ್ಲದ ಗ್ರಹಗಳ ನಡುವೆ ಒಂದು ಸಣ್ಣ ಪ್ರದೇಶವನ್ನು ಗೊತ್ತುಮಾಡಿಕೊಂಡು ಅಲ್ಲಿಗೇ ಬಂದು ನೆಲೆಸಿದರು. ಮುಗಿಯದ ವಿಶ್ವ ಕೈಗೆ ಸಿಕ್ಕಾಗ ಜನ ಮೊದಲು ಹುಡುಕಿದ್ದು ನೆರೆಹೊರೆಯನ್ನು.

ಈ ನಡುವೆ ಬ್ರೇಬೆನ್ ಕೂಡ ಮರಳಿ ಬಂದಿದ್ದರು. ಜನರಿಂದ 15 ಲಕ್ಷ ಪೌಂಡಿಗೂ ಹೆಚ್ಚು ವಂತಿಗೆ ಎತ್ತಿ 2014ರ ಡಿಸೆಂಬರಿನಲ್ಲಿ ‘ಎಲೀಟ್: ಡೇಂಜರಸ್’ ಹೊರತಂದರು. ಆಕಾಶಗಂಗೆಯ ಯಥಾಪ್ರಮಾಣದ ಪ್ರತಿ, 40,000 ಕೋಟಿ ನಕ್ಷತ್ರಮಂಡಲ. ಖಗೋಳ ಸೂಚಿಗಳಲ್ಲಿರುವ ಒಂದೂವರೆ ಲಕ್ಷದಷ್ಟು ನಿಜ ನಕ್ಷತ್ರಗಳನ್ನು ಅವುಗಳ ಜಾಗದಲ್ಲಿಟ್ಟು, ಮಿಕ್ಕದ್ದನ್ನು ನಕ್ಷತ್ರ ಮತ್ತು ಗ್ರಹಗಳು ರೂಪುಗೊಳ್ಳುವ ಭೌತನಿಯಮಗಳ ಆಧಾರದ ಮೇಲೆ ಸೂತ್ರ ತುಂಬುತ್ತದೆ. 2017ರ ಫೆಬ್ರುವರಿಯಲ್ಲಿ ಟ್ರಾಪಿಸ್ಟ್-1 ಎಂಬ ಮಂದ ನಕ್ಷತ್ರದ ಸುತ್ತ ಏಳು ಗ್ರಹಗಳಿವೆಯೆಂದು ಖಗೋಳಜ್ಞರು ಸಾರಿದಾಗ ಆಟಗಾರರು ನಕ್ಷೆ ತೆರೆದು ನೋಡಿದರು. ಸರಿಸುಮಾರು ಅದೇ ದೂರದಲ್ಲಿ, ಏಳು ಗ್ರಹಗಳಿದ್ದ ಮಂದ ಮಂಡಲವೊಂದನ್ನು ಸೂತ್ರ ಮುಂಚೆಯೇ ಹುಟ್ಟಿಸಿತ್ತು. ತಯಾರಕರು ಅದನ್ನು ತಿದ್ದಿ ಟ್ರಾಪಿಸ್ಟ್-1 ಎಂದು ಹೆಸರಿಟ್ಟರು. ಇದರಲ್ಲಿ ಕಾಕತಾಳೀಯದ ಪಾಲು ದೊಡ್ಡದು. ಆದರೂ ನಿಯಮ ಸರಿಯಿದ್ದರೆ ಲೆಕ್ಕ ನಿಜದ ಹತ್ತಿರ ಸುಳಿಯಬಲ್ಲದು ಎಂಬುದಕ್ಕೆ ಇದು ಸುಂದರ ನಿದರ್ಶನ. ಈ ಆಟದಲ್ಲೂ ಜನ ಅಂಥದೇ ದಾರಿ ಹಿಡಿದರು. ಇಂಧನ ಮುಗಿದು ನಡುದಾರಿಯಲ್ಲಿ ನಿಂತವರ ಬಳಿಗೆ ಹೋಗಿ ಇಂಧನ ತುಂಬಿ ಬರುವ ‘ಫ್ಯೂಯೆಲ್ ರ‍್ಯಾಟ್ಸ್’ ಎಂಬ ಸ್ವಯಂಸೇವಕರ ಪಡೆ ಹುಟ್ಟಿತು. 2019ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಆಟಗಾರರು ಹೆಸರು ನೋಂದಾಯಿಸಿ ಆಕಾಶಗಂಗೆಯ ಆಚೆ ತುದಿಗೆ ತಿಂಗಳುಗಟ್ಟಲೆಯ ಯಾತ್ರೆ ಹೊರಟರು. ಇಷ್ಟೆಲ್ಲ ಆದ ಮೇಲೂ, ತಯಾರಕರೇ ಕೊಟ್ಟ ಲೆಕ್ಕದಂತೆ, ಆಟಗಾರರೆಲ್ಲ ಸೇರಿ ನೋಡಿದ್ದು ಆ ನಕ್ಷತ್ರಪುಂಜದ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ.

2023ರ ಸೆಪ್ಟೆಂಬರಿನಲ್ಲಿ ಬೆಥೆಸ್ಡಾ ಕಂಪನಿಯ ‘ಸ್ಟಾರ್‌ಫೀಲ್ಡ್’ ಆಟ ಸಾವಿರಕ್ಕೂ ಮಿಕ್ಕ ಗ್ರಹಗಳೊಂದಿಗೆ ಬಂದಾಗ ಅದೇ ದೂರು ಮತ್ತೆ ಎದ್ದಿತು: ಹೋದಲ್ಲೆಲ್ಲ ಅದೇ ಕಟ್ಟಡ, ಅದೇ ಖಾಲಿ ಬಯಲು. ಸಾವಿರವೇ ಭಾರವಾಗುವಾಗ ಕೋಟಿ ಕೋಟಿಯ ಮಾತೇನು! ಹೆಲೋ ಗೇಮ್ಸ್‌ನ ಪಾಡು ಮಾತ್ರ ಅಷ್ಟರಲ್ಲಿ ತಿರುಗಿತ್ತು. 2024ರಲ್ಲಿ ಸ್ಟೀಮ್‌ನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಕುರಿತ ಆಟಗಾರರ ಒಟ್ಟು ಅಭಿಪ್ರಾಯ ‘ತುಂಬಾ ಒಳ್ಳೆಯದು’ ಎಂಬ ದರ್ಜೆಗೆ ಏರಿತು. ಆ ಎಂಟು ವರ್ಷಗಳಲ್ಲಿ ಆಟವನ್ನು ಉಳಿಸಿದ್ದು ಗ್ರಹಗಳ ಸಂಖ್ಯೆಯಲ್ಲ. ಆ ಗ್ರಹಗಳಲ್ಲಿ ಮಾಡಲು ಇರುವ ಕೆಲಸ, ನೋಡಲು ಇರುವ ವೈವಿಧ್ಯ, ಜೊತೆಗೆ ಸಿಗುವ ಜನ ಇವೆಲ್ಲ ಒಂದೊಂದಾಗಿ ಕೂಡಿಬಂದವು, ಮತ್ತು ಒಂದೊಂದನ್ನೂ ಯಾರೋ ಕೂತು ಮಾಡಬೇಕಾಯಿತು.

ಮೊದಲ ಎಲೀಟ್‌ನ ಮೂಲ ಕೋಡನ್ನು ಇಯಾನ್ ಬೆಲ್ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಅದರ ಸಾಲು ಸಾಲಿಗೂ ಬೇರೆಯವರು ಬರೆದ ವ್ಯಾಖ್ಯಾನವೂ ಉಚಿತವಾಗಿ ಸಿಗುತ್ತದೆ. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವವರು ಮನೆಯಲ್ಲಿದ್ದರೆ ಅದನ್ನು ಅವರಿಗೆ ತೋರಿಸಿ. ಗ್ರಹಗಳನ್ನು ಹುಟ್ಟಿಸುವ ಭಾಗ ಕೆಲವೇ ಸಾಲಿನದು. ಕೂಡುವ ಲೆಕ್ಕ ಬಲ್ಲವರು ಯಾರೇ ಆದರೂ ಕಾಗದ ಪೆನ್ಸಿಲ್ ಹಿಡಿದು ಒಂದು ಸಂಜೆಯಲ್ಲಿ ಲೇವ್ ಗ್ರಹವನ್ನು ತಾವೇ ಕಂಡುಕೊಳ್ಳಬಹುದು.